ಅಮೆರಿಕಕ್ಕೆ ಯಾವ ವಿಮಾನ ಒಳ್ಳೆಯದು? ಟಿಕೆಟ್ ಬುಕ್ ಮಾಡುವ ಮುನ್ನ ಇದನ್ನು ಓದಿ

ಮಂಚೇನಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ದಿನ ತುಂಬುತ್ತಿದೆ. ಬಾಣಂತನಕ್ಕೆ ಅಮ್ಮ ಹೊರಡಬೇಕು, ಜೊತೆಗೆ ಅಪ್ಪ. ಇಬ್ಬರಿಗೂ ಇದು ಮೊದಲ ವಿಮಾನ ಪ್ರಯಾಣ. ವೀಸಾ ಕೈಸೇರುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ನಲ್ಲಿ ಫಾರ್ವರ್ಡ್‌ಗಳು ಶುರು. ಯಾವ ಏರ್‌ಲೈನ್ಸ್ ಅಗ್ಗ, ಯಾವ ಸೀಟು ಸೇಫ್ ಎಂದು ಎಲ್ಲರೂ ಹೇಳುವವರೇ.

ಮಂಚೇನಹಳ್ಳಿಯಿಂದ ದೇವನಹಳ್ಳಿ ಏರ್‌ಪೋರ್ಟ್ ತಲುಪುವುದು ಕಷ್ಟವಲ್ಲ. ಕಷ್ಟ ಇರುವುದು ನಡುದಾರಿಯಲ್ಲಿ. ನ್ಯೂಯಾರ್ಕ್ ಕಡೆಗೆ ಹೋಗುವವರು ಸಾಮಾನ್ಯವಾಗಿ ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್, ದುಬೈ, ದೋಹಾ ಇಂಥ ಕಡೆ ವಿಮಾನ ಬದಲಿಸಿ ಅಟ್ಲಾಂಟಿಕ್ ದಾಟುತ್ತಾರೆ. ಹಾಗಾಗಿ ಏರ್‌ಲೈನ್ಸ್ ಹೆಸರಿಗಿಂತ, ಈ ಬದಲಾವಣೆ ಹೇಗಿದೆ ಎಂಬುದನ್ನು ಮೊದಲು ನೋಡಬೇಕು.

ಫಾರ್ವರ್ಡ್ 1: ‘ಎರಡು ಟಿಕೆಟ್ ಬೇರೆ ಬೇರೆ ತಗೊಂಡ್ರೆ ದುಡ್ಡು ಉಳಿಯುತ್ತೆ’

ವಾಸ್ತವ: ಕೆಲವೊಮ್ಮೆ ಉಳಿಯುತ್ತದೆ, ಆದರೆ ಅಪಾಯವೆಲ್ಲ ನಿಮ್ಮ ತಲೆಗೆ ಬರುತ್ತದೆ. ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಏರ್‌ಲೈನ್ಸ್‌ನದು. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಆ ದುಡ್ಡು ಹೋದ ಹಾಗೆಯೇ.

ವೀಸಾ ತೊಡಕೂ ಇದೆ. ಬೇರೆ ಟಿಕೆಟ್ ಆದಾಗ ಲಗೇಜನ್ನು ನೀವೇ ಪಡೆದು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಫ್ರಾಂಕ್‌ಫರ್ಟ್‌ನಲ್ಲಿ ಹಾಗೆ ಮಾಡಲು ಇಮಿಗ್ರೇಷನ್ ದಾಟಿ ಹೊರಬರಬೇಕು. ಅದಕ್ಕೆ ಷೆಂಗೆನ್ ವೀಸಾ ಬೇಕು, ಅಮೆರಿಕದ ವೀಸಾ ಸಾಲದು. ಇದು ಗೊತ್ತಿಲ್ಲದೆ ಹೋದರೆ ಬೆಂಗಳೂರಿನ ಕೌಂಟರ್‌ನಲ್ಲೇ ತಡೆಯಬಹುದು. ಬುಕಿಂಗ್ ಆ್ಯಪ್‌ನಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಕಂಡರೆ ಹಿರಿಯರಿಗೆ ಅದು ಬೇಡ.

ಫಾರ್ವರ್ಡ್ 2: ‘ಕಡಿಮೆ ಗಂಟೆ ತೋರಿಸೋದೇ ಬೆಸ್ಟ್’

ವಾಸ್ತವ: ನಡುವೆ ಒಂದೇ ಗಂಟೆ ಸಮಯವಿದ್ದರೆ ಒಟ್ಟು ಪ್ರಯಾಣ ಚಿಕ್ಕದಾಗಿ ಕಾಣುತ್ತದೆ. ಆದರೆ ದೊಡ್ಡ ಏರ್‌ಪೋರ್ಟ್‌ನಲ್ಲಿ ಗೇಟು ಹುಡುಕಿ, ಮತ್ತೆ ಸೆಕ್ಯುರಿಟಿ ಚೆಕ್ ಮುಗಿಸಲು ಭಾಷೆ ಬಾರದವರಿಗೆ ಅದು ಸಾಲದು. ಎರಡೂವರೆಯಿಂದ ನಾಲ್ಕು ಗಂಟೆ ಇದ್ದರೆ ನೆಮ್ಮದಿ. ನಡೆಯಲು ಕಷ್ಟವಿದ್ದರೆ ಬುಕಿಂಗ್ ಸಮಯದಲ್ಲೇ ವೀಲ್‌ಚೇರ್ ಕೇಳಿ.

ಇನ್ನೊಂದು ವಿಷಯ: ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಸಾಮಾನ್ಯವಾಗಿ ಇಮಿಗ್ರೇಷನ್ ಮುಗಿಸಿ, ಲಗೇಜ್ ಪಡೆದು, ಮುಂದಿನ ವಿಮಾನಕ್ಕೆ ಮತ್ತೆ ಕೊಡಬೇಕು. ಆದ್ದರಿಂದ ಮಗಳ ಊರಿಗೆ ಹತ್ತಿರದ ಏರ್‌ಪೋರ್ಟ್‌ಗೇ ಇಳಿಸುವ ವಿಮಾನ ಸ್ವಲ್ಪ ದುಬಾರಿಯಾದರೂ ಲಾಭವೇ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ತಪಾಸಣೆ ವಿಮಾನ ಹತ್ತುವ ಮೊದಲೇ ಮುಗಿಯುತ್ತದೆ.

ಫಾರ್ವರ್ಡ್ 3: ‘11ಎ ಸೀಟೇ ಸೇಫ್’

ವಾಸ್ತವ: 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ ಬದುಕುಳಿದ ಒಬ್ಬರೇ ಪ್ರಯಾಣಿಕ ಕೂತಿದ್ದದ್ದು 11ಎನಲ್ಲಿ. ಆದರೆ ಒಂದು ಘಟನೆಯಿಂದ ನಿಯಮ ಆಗುವುದಿಲ್ಲ. ಅಲ್ಲದೆ ವಿಮಾನದಿಂದ ವಿಮಾನಕ್ಕೆ 11ನೇ ಸಾಲು ಇರುವ ಜಾಗವೇ ಬದಲಾಗುತ್ತದೆ. ಆ ನಂಬರಿಗಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಫಾರ್ವರ್ಡ್ 4: ‘ಬಿಸಿನೆಸ್ ಕ್ಲಾಸ್‌ನಲ್ಲಿ ಹೋದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಲ್ಲ’

ವಾಸ್ತವ: ಅಗ್ಗದ ಸೀಟು ಕಾರಣವಲ್ಲ, ಅಲುಗಾಡದೆ ಕೂರುವುದು ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದಂತೆ, ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಬಸ್ಸು, ರೈಲು, ಕಾರಿಗೂ ಇದು ಅನ್ವಯ. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ. ಆಗಾಗ ಎದ್ದು ಓಡಾಡಿ, ಪಾದ ಆಡಿಸಿ, ನೀರು ಕುಡಿಯಿರಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಈಚೆಗೆ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ಲಗೇಜ್ ಲೆಕ್ಕ ಮರೆಯಬೇಡಿ

ರಾಗಿಹಿಟ್ಟು, ಚಟ್ನಿಪುಡಿ, ಬಾಣಂತಿಗೆ ಬೇಕಾದ ಸಾಮಾನು ಎಲ್ಲ ಸೇರಿ ಸೂಟ್‌ಕೇಸ್ ತುಂಬುತ್ತದೆ. ಅಗ್ಗದ ಟಿಕೆಟ್‌ನಲ್ಲಿ ಒಂದೇ ಬ್ಯಾಗಿಗೆ ಅವಕಾಶವಿರಬಹುದು. ಎರಡನೇ ಬ್ಯಾಗಿನ ಶುಲ್ಕ ಸೇರಿಸಿದ ಮೇಲೆ ದರ ಹೋಲಿಸಿ. ಮಾತ್ರೆ, ಇನ್ಸುಲಿನ್, ಡಾಕ್ಟರ ಚೀಟಿ ಮಾತ್ರ ಕೈಚೀಲದಲ್ಲೇ ಇರಲಿ.

ಬ್ಯಾಗ್ ಕಳೆದರೆ? ಭಾರತ, ಅಮೆರಿಕ ಎರಡೂ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದಂತೆ ಪರಿಹಾರ ಕೇಳಬಹುದು. 2024ರ ಡಿಸೆಂಬರ್ 28ರಿಂದ ಅದರ ಮಿತಿ 1,519 ಎಸ್‌ಡಿಆರ್, ಅಂದರೆ 2,000 ಡಾಲರ್ ಆಸುಪಾಸು. ಇದು ಗರಿಷ್ಠ ಮಿತಿ, ತಾನಾಗಿ ಸಿಗುವ ಮೊತ್ತವಲ್ಲ. ಬ್ಯಾಗ್ ಹಾಳಾಗಿದ್ದರೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಹೊರಡುವ ಮುನ್ನ ಬ್ಯಾಗಿನ ಫೋಟೊ ತೆಗೆದಿಡಿ.

ಕೊನೆಗೆ ನಮ್ಮ ಮಾತು

ಯಾವ ಏರ್‌ಲೈನ್ಸ್ ಎಂದು ಕೇಳುವ ಮೊದಲು ಐದು ಪ್ರಶ್ನೆ ಕೇಳಿ: ಒಂದೇ ಟಿಕೆಟ್ಟಾ? ನಡುವೆ ಎಷ್ಟು ಹೊತ್ತು? ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ? ಲಗೇಜ್ ಎಷ್ಟು? ದಿನಾಂಕ ಬದಲಿಸಲು ಎಷ್ಟು ಕಟ್ಟಬೇಕು? ಹೆರಿಗೆ ಹೇಳಿದ ದಿನಕ್ಕೇ ಆಗುವುದಿಲ್ಲ, ಆದ್ದರಿಂದ ಕೊನೆಯ ಪ್ರಶ್ನೆ ಮುಖ್ಯ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಅದನ್ನು ಆಯಾ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್‌ನಲ್ಲೇ ನೋಡಿ, ಫಾರ್ವರ್ಡ್‌ನಲ್ಲಿ ಅಲ್ಲ.

ಐದಾರು ಸಾವಿರ ಉಳಿಸಲು ಹೋಗಿ ಅಮ್ಮ ನಡುದಾರಿಯಲ್ಲಿ ಸಿಕ್ಕಿಕೊಂಡರೆ, ಅತ್ತ ಮಗಳು ಒಬ್ಬಳೇ ಆಗುತ್ತಾಳೆ. ಟಿಕೆಟ್ ದರದಲ್ಲಿ ಆ ಲೆಕ್ಕ ಕಾಣುವುದಿಲ್ಲ.