‘ಚಿದಂಬರ ರಹಸ್ಯ’: ಒಂದು ಸಾವು, ಒಂದು ಊರು

ಪತ್ತೇದಾರಿ ಕಾದಂಬರಿಯಲ್ಲಿ ಓದುಗರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಕೊಲೆ ಮಾಡಿದವರು ಯಾರು? ಅಪರಾಧಿ ಸಿಕ್ಕಿದೊಡನೆ ಊರು ನೆಮ್ಮದಿಗೆ ಮರಳುತ್ತದೆ, ಕಥೆ ಮುಗಿಯುತ್ತದೆ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇದೇ ಜಾಡಿನಲ್ಲಿ ಹೊರಟರೂ ಬೇರೆಡೆಗೆ ತಲುಪುತ್ತದೆ.

ಮಲೆನಾಡಿನ ಕೆಸರೂರು ಒಂದು ಪುಟ್ಟ ಊರು. ಅಲ್ಲಿನ ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರು ಅನುಮಾನಾಸ್ಪದವಾಗಿ ಸತ್ತಿದ್ದಾರೆ. ಏಲಕ್ಕಿಯ ಇಳುವರಿಯೂ ಕುಸಿದಿದೆ. ಈ ಎರಡರ ಬೆನ್ನು ಹತ್ತಿ ಅಂಗಡಿ ಎಂಬ ಗುಪ್ತಚರ ಅಧಿಕಾರಿ ಬರುತ್ತಾನೆ. ಆ ಸಾವನ್ನು ಮತ್ತೆ ಕೆದಕಿದಷ್ಟೂ ಹೊರಬೀಳುವುದು ಜಾತಿ-ಮತಗಳ ದ್ವೇಷ, ವದಂತಿ ಮತ್ತು ಕಾಡಿನ ನಾಶ. ಪರಸ್ಪರ ಶಂಕೆಯಲ್ಲೇ ಮುಳುಗಿದ ಊರನ್ನು ಕೊನೆಗೆ ಕಾಡ್ಗಿಚ್ಚು ಸುತ್ತುವರಿಯುತ್ತದೆ.

ಚಿದಂಬರದ ನಟರಾಜ ದೇಗುಲದಲ್ಲಿ ತೆರೆ ಸರಿಸಿದಾಗ ಕಾಣುವುದು ವಿಗ್ರಹವಲ್ಲ, ಬರಿಯ ಬಯಲು. ಬಿಡಿಸಲಾಗದ ಗುಟ್ಟಿಗೆ ‘ಚಿದಂಬರ ರಹಸ್ಯ’ ಎನ್ನುವ ವಾಡಿಕೆ ಬಂದದ್ದು ಇದರಿಂದಲೇ. ಕಾದಂಬರಿಯಲ್ಲಿಯೂ ಕೊಲೆಗಾರನನ್ನು ಹುಡುಕಿ ತೆರೆ ಸರಿಸುವ ನಮಗೆ ಕಾಣುವುದು ಇಡೀ ಊರಿನ ಹೊಣೆಗೇಡಿತನ.

1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಮುಂದೆ 2005ರಲ್ಲಿ ಗಿರೀಶ್ ಕಾರ್ನಾಡರು ದೂರದರ್ಶನಕ್ಕಾಗಿ ತೆರೆಗೆ ತಂದರು.

ಓದುವಾಗ ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಪ್ರಶ್ನೆ ಇದು: ಬೆಂಕಿ ಮನೆಬಾಗಿಲಿಗೆ ಬರುವವರೆಗೂ ಕೆಸರೂರಿನವರಿಗೆ ಅದು ಏಕೆ ಕಾಣಲಿಲ್ಲ?