ಸಬ್‌ವೂಫರ್ ಇದೆ ಅಂತ ಗೊತ್ತೇ ಆಗಬಾರದು!

ಇಳಯರಾಜ ಅವರ ಹಾಡು ಹಾಕಿ, ಬೇಸ್ ಗಿಟಾರ್ ಮೇಲಷ್ಟೇ ಗಮನ ಇಡಿ. ತನ್ನ ಪಾಡಿಗೆ ಅದು ಇನ್ನೊಂದು ಹಾಡನ್ನೇ ಹೇಳ್ತಿರುತ್ತೆ. ಪುಟ್ಟ ಸ್ಪೀಕರ್‌ಗಳಲ್ಲಿ ಮಾತ್ರ ಅರ್ಧಂಬರ್ಧ. ಆ ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರ್‌ಗಳ ದನಿ ಬಹುತೇಕ 60ರ ಹೊತ್ತಿಗೇ ಕುಗ್ಗತೊಡಗುತ್ತದೆ. ಈ ಕೊರತೆ ತುಂಬುವುದೇ ಸಬ್‌ವೂಫರ್.

ಯಾವುದು ಕೊಳ್ಳೋದು?

ಪೂರ್ತಿ ಮುಚ್ಚಿದ ಡಬ್ಬಿ ಚಿಕ್ಕದು, ದನಿ ಬಿಗಿ. ಗಾಳಿಕಿಂಡಿ ಇರುವುದು ದೊಡ್ಡದು, ಸಿನಿಮಾದ ಗುಡುಗು-ಸ್ಫೋಟಕ್ಕೆ ಜೋರು. ಹಾಡು ಕೇಳೋರ ಸಣ್ಣ ಕೋಣೆಗೆ 8 ಅಥವಾ 10 ಇಂಚಿನ ಮುಚ್ಚಿದ ಡಬ್ಬಿ ಸಾಕು.

ಎಲ್ಲಿಡೋದು?

40 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಸುಮಾರು ಎಂಟೂವರೆ ಮೀಟರ್. ನಮ್ಮ ಹಾಲ್‌ಗಳಲ್ಲಿ ಅದು ಗೋಡೆಗೆ ಬಡಿದು ವಾಪಸ್ ಬಂದು, ಒಂದು ಕಡೆ ಗುಂಯ್‌ಗುಡುತ್ತೆ, ಇನ್ನೊಂದು ಕಡೆ ಮಾಯ! ಇದಕ್ಕೊಂದು ಉಪಾಯ: ನೀವು ಕೂರುವ ಜಾಗದಲ್ಲೇ ಸಬ್‌ವೂಫರ್ ಇಟ್ಟು ಹಾಡು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತಾ ಹೋಗಿ. ಮನೆಯವರು ನಕ್ಕರೆ ನಗಲಿ ಬಿಡಿ. ಸ್ವರಗಳೆಲ್ಲ ಒಂದೇ ಸಮ ಕೇಳಿಸಿದ ಕಡೆ ಅದನ್ನಿಡಿ.

ಹೊಂದಿಸೋದು ಹೇಗೆ?

ಕ್ರಾಸ್‌ಓವರ್ 80 ಹರ್ಟ್ಸ್‌ನಿಂದ ಶುರುಮಾಡಿ. ಅದಕ್ಕಿಂತ ತಗ್ಗಿನ ದನಿ ಯಾವ ಮೂಲೆಯಿಂದ ಬರ್ತಿದೆ ಅಂತ ಕಿವಿಗೆ ತಿಳಿಯೋದು ಕಷ್ಟ. ಫೇಸ್ ಗುಂಡಿಯನ್ನು 0 ಮತ್ತು 180 ಎರಡರಲ್ಲೂ ಇಟ್ಟು ನೋಡಿ. ದನಿ ತುಂಬಿ ಬಂದದ್ದೇ ಸರಿ. ಕೊನೆಗೆ ವಾಲ್ಯೂಮ್: ಡಬ್ಬಿಯ ಸದ್ದು ಬೇರೆಯಾಗಿ ಕೇಳಿಸುವವರೆಗೆ ಏರಿಸಿ, ಸ್ವಲ್ಪ ಇಳಿಸಿ. ಆರಿಸಿದಾಗಷ್ಟೇ ಏನೋ ಕಳೆದಂತಾಗಬೇಕು.

ಇನ್ನೊಂದು ಮಾತು. ತಗ್ಗಿನ ದನಿ ಗೋಡೆ, ಸೂರು ದಾಟಿ ಸಲೀಸಾಗಿ ಹೋಗುತ್ತೆ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಹಾಡು ಹಾಕಿಟ್ಟು, ಒಮ್ಮೆ ಕೆಳಗಿನ ಮನೆಗೂ ಹೋಗಿ ಕೇಳಿಬನ್ನಿ. ಅಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರಬಹುದು.