ಬಸ್ ನಿಲ್ದಾಣದಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ?

ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್‌ಗಳಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಿದರೆ ಕ್ಷಣಮಾತ್ರದಲ್ಲಿ ಬ್ಯಾಂಕ್ ಖಾತೆ ಖಾಲಿಯಾಗುತ್ತದೆ ಎಂಬ ಸಂದೇಶ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಹರಿದಾಡುತ್ತದೆ. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು? ನೋಡೋಣ.

ಒಂದೇ ಪೋರ್ಟ್, ಹಲವು ಕೆಲಸ

ಈ ಭಯಕ್ಕೆ ಕಾರಣ, ಫೋನಿನ ಒಂದೇ ಪೋರ್ಟ್ ಹಲವು ಕೆಲಸ ಮಾಡುವುದು. 2014ರಲ್ಲಿ ಬಂದ ಯುಎಸ್‌ಬಿ ಟೈಪ್-ಸಿ ವಿನ್ಯಾಸದಲ್ಲಿ 24 ಪಿನ್‌ಗಳಿಗೆ ಜಾಗವಿದೆ. ಕೆಲವು ಪಿನ್‌ಗಳು ವಿದ್ಯುತ್ ಸಾಗಿಸಿದರೆ, ಕೆಲವು ಫೋಟೊ, ಫೈಲ್‌ಗಳಂಥ ಡೇಟಾ ಸಾಗಿಸುತ್ತವೆ. ಎಷ್ಟೋ ಫೋನ್‌ಗಳಲ್ಲಿ ಇಯರ್‌ಫೋನ್ ಹಾಕುವುದೂ ಇಲ್ಲೇ. ಅಂದರೆ ಕರೆಂಟ್ ಬರುವ ದಾರಿಯ ಪಕ್ಕದಲ್ಲೇ ಡೇಟಾ ಹೋಗುವ ದಾರಿಯೂ ಇದೆ.

ಈ ದಾರಿಯ ದುರ್ಬಳಕೆಗೆ 'ಜ್ಯೂಸ್ ಜಾಕಿಂಗ್' ಎನ್ನುತ್ತಾರೆ. 2011ರಲ್ಲಿ ಅಮೆರಿಕದ ಡೆಫ್‌ಕಾನ್ ಸಮ್ಮೇಳನದಲ್ಲಿ ಚಾರ್ಜಿಂಗ್ ಕಿಯೋಸ್ಕ್ ಇಟ್ಟು ಇದರ ಅಪಾಯ ತೋರಿಸಲಾಗಿತ್ತು. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2022ರ ಜಾಗೃತಿ ಕಿರುಪುಸ್ತಕದಲ್ಲಿ ಇದರ ಬಗ್ಗೆ ಎಚ್ಚರಿಸಿದೆ.

ಹಾಗಾದರೆ ಸಂದೇಶ ನಿಜವೇ?

ಪೂರ್ತಿ ನಿಜವಲ್ಲ. ಇಂದಿನ ಫೋನ್‌ಗಳು ವೈರ್ ಚುಚ್ಚಿದ ತಕ್ಷಣ ಚಾರ್ಜ್ ಮಾತ್ರ ಪಡೆಯುತ್ತವೆ. ಡೇಟಾ ಕೊಡಬೇಕಾದರೆ ನಿಮ್ಮ ಒಪ್ಪಿಗೆ ಕೇಳುತ್ತವೆ. ಯುಪಿಐ ಮೂಲಕ ಹಣ ಕಳಿಸಲು ಸಾಮಾನ್ಯವಾಗಿ ಪಿನ್ ಬೇಕು. ಅದು ಚಾರ್ಜಿಂಗ್ ವೈರ್‌ನಲ್ಲಿ ತಾನಾಗಿ ಹರಿದುಹೋಗುವುದಿಲ್ಲ.

ಆದರೆ ಅಪಾಯ ಸೊನ್ನೆಯೂ ಅಲ್ಲ. ಕುತಂತ್ರದ ಚಾರ್ಜರ್ ಒಂದು ಆ ಒಪ್ಪಿಗೆಯ ಗುಂಡಿಯನ್ನು ತಾನೇ ಒತ್ತಬಲ್ಲದು ಎಂದು 2025ರಲ್ಲಿ ಆಸ್ಟ್ರಿಯಾದ ಸಂಶೋಧಕರು ತೋರಿಸಿದರು. ಆಪಲ್, ಗೂಗಲ್ ತಮ್ಮ ಹೊಸ ಆವೃತ್ತಿಗಳಲ್ಲಿ ಇದಕ್ಕೆ ತಡೆ ಹಾಕಿವೆ. ಆದ್ದರಿಂದ ಫೋನ್ ಅಪ್‌ಡೇಟ್ ಮಾಡದೆ ಬಿಡಬೇಡಿ.

ನೀವೇನು ಮಾಡಬೇಕು?

• ನಿಮ್ಮದೇ ಚಾರ್ಜರ್ ಅನ್ನು ಗೋಡೆಯ ಪ್ಲಗ್‌ಗೆ ಹಾಕಿ. ಮಾಮೂಲಿ ಪ್ಲಗ್ ಪಾಯಿಂಟ್‌ನಿಂದ ಬರುವುದು ಕರೆಂಟ್ ಮಾತ್ರ. ಪವರ್ ಬ್ಯಾಂಕ್ ಇದ್ದರೆ ಇನ್ನೂ ಅನುಕೂಲ.
• ಯುಎಸ್‌ಬಿ ಪೋರ್ಟ್ ಬಿಟ್ಟರೆ ಬೇರೆ ಗತಿಯಿಲ್ಲವೇ? ಫೋನ್ ಲಾಕ್ ಮಾಡಿ ಅಥವಾ ಸ್ವಿಚ್ ಆಫ್ ಮಾಡಿ ಚಾರ್ಜ್‌ಗೆ ಹಾಕಿ.
• 'ಈ ಕಂಪ್ಯೂಟರ್ ನಂಬಬೇಕೇ?', 'ಫೈಲ್ ಟ್ರಾನ್ಸ್‌ಫರ್' ಎಂದು ಕೇಳಿದರೆ ಬೇಡ ಎನ್ನಿ, ವೈರ್ ಕಿತ್ತುಬಿಡಿ.

ರಾತ್ರಿ ಒಂಟಿಯಾಗಿ ಪ್ರಯಾಣಿಸುವವರು ಇಂಥ ಸಂದೇಶಕ್ಕೆ ಹೆದರಿ ಫೋನ್ ಸತ್ತುಹೋಗಲು ಬಿಟ್ಟರೆ ಮನೆಗೆ ಕರೆ ಮಾಡುವ ದಾರಿಯೇ ಮುಚ್ಚುತ್ತದೆ. ಫಾರ್ವರ್ಡ್ ಮಾಡುವುದಾದರೆ ಭಯದ ಬದಲು ಈ ಮೂರು ಎಚ್ಚರಿಕೆಗಳನ್ನು ಕಳಿಸಿ.